ಉಪಕಾರ ಹೇಳಲು ಬಂದವಳು

ಸಿಪ್ಪೆಯ ಬೆನ್ನಿಗೆ ಬಿಳಿ ಅಂಟಿಕೊಂಡಿತ್ತು.

ಡಿಟೆಕ್ಟಿವ್ ಸಾರ್ಜೆಂಟ್ ಅಸಬಿಯಾ ಹಿಟ್ಟಿನ ಗಿರಣಿಯ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಮೊಣಕೈವರೆಗೂ ಧೂಳು. ಗಿರಣಿಯ ಕೆಳಗಿನ ಮರದ ಚೌಕಟ್ಟಿನ ಸಂದಿಯಲ್ಲಿ ಅರೆಯದೆ ಉಳಿದ ಒಣ ಕಿತ್ತಳೆ ಸಿಪ್ಪೆಯ ತುಂಡೊಂದು ಸಿಕ್ಕಿಕೊಂಡಿತ್ತು. ತಲೆಯಿಂದ ಹೇರ್‌ಪಿನ್ ತೆಗೆದು ಅದನ್ನು ಎಬ್ಬಿಸಿದಳು. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಹೊರಗೆ ಹಸಿರು ಮಾಸಿದ ಹಳದಿ. ಒಳಗೆ, ಹಳೆಯ ಕಂಬಳಿಯಷ್ಟು ದಪ್ಪಗೆ, ಬಿಳಿ.

ಈ ಮಾಲಿನಲ್ಲಿ ಬಿಳಿ ಇರಬಾರದಿತ್ತು.

ಅಸಾಮಾಂಕೆಸೆ ಊರಿನ ಬೀದಿಯಲ್ಲಿ ಕಿತ್ತಳೆ ಮಾರುವ ಯಾವ ಹೆಂಗಸೂ ಬಿಳಿಯನ್ನು ಕತ್ತರಿಸುವುದಿಲ್ಲ. ಬ್ಲೇಡಿನಿಂದ ಮೇಲಿನ ಬಣ್ಣದ ಪದರವನ್ನಷ್ಟೇ ರಿಬ್ಬನ್ನಿನ ಹಾಗೆ ಸುತ್ತ ಸುತ್ತ ಎತ್ತುತ್ತಾರೆ. ಬಿಳಿ ಅಂಗಿ ಹಣ್ಣಿನ ಮೈಮೇಲೇ ಉಳಿಯಬೇಕು. ಆಗ ಗಿರಾಕಿ ತಲೆಯ ಕಡೆ ಒಂದು ಚೂರು ಕೊಯ್ದು, ಹಿಂಡುತ್ತಾ ಹಿಂಡುತ್ತಾ, ತನ್ನ ಬಟ್ಟೆ ಒದ್ದೆಯಾಗದಂತೆ ರಸ ಹೀರಿಕೊಂಡು ಹೋಗಬಹುದು. ಬಿಳಿ ಹರಿದರೆ ಹಣ್ಣು ಮುಷ್ಟಿಯಲ್ಲೇ ಒಡೆಯುತ್ತದೆ. ಗಿರಾಕಿ ಬೈದು ಇನ್ನೊಂದು ಕೇಳುತ್ತಾನೆ.

ಇದನ್ನು ಅಸಬಿಯಾ ಪೊಲೀಸ್ ತರಬೇತಿಯಲ್ಲಿ ಕಲಿತದ್ದಲ್ಲ. ತಾಯಿ ಆಸ್ಪತ್ರೆ ಸೇರಿದ ವರ್ಷ ಮಾಮೆ ಕೊರಾಂತೆಮಾ ಅವಳನ್ನು ತಮ್ಮ ಕಿತ್ತಳೆ ಮೇಜಿನ ಕೆಳಗೆ ಕೂರಿಸಿಕೊಂಡಿದ್ದರು. ತಾಯಿ ಮರಳಲಿಲ್ಲ. ಹುಡುಗಿ ಅಲ್ಲೇ ಉಳಿದಳು, ಮೇಲಿನಿಂದ ಬೀಳುವ ರಿಬ್ಬನ್ನುಗಳನ್ನು ಕೊರಳಿಗೆ ಸುತ್ತಿಕೊಳ್ಳುತ್ತಾ ಬೆಳೆದಳು.

ಆ ಮಾಮೆ ಕೊರಾಂತೆಮಾ ಈಗ ಠಾಣೆಯ ಲಾಕಪ್ಪಿನಲ್ಲಿದ್ದರು. ಅವರ ಸಿಪ್ಪೆಹಿಟ್ಟು ಬೆರೆಸಿದ ಬಿಸ್ಕತ್ತು ತಿಂದು ಶಾಲೆಯ ಮಕ್ಕಳು ವಾಂತಿ ಮಾಡಿಕೊಂಡಿದ್ದರು. ಕೋಕೋ ಗಿಡಗಳಿಗೆ ಹೊಡೆಯುವ ಕೀಟದ ಔಷಧ ಆ ಹಿಟ್ಟಿನಲ್ಲಿ ಇದೆಯೆಂದು ಪ್ರಯೋಗಾಲಯ ಹೇಳಿತ್ತು. ಸೋಮವಾರ ಅವರನ್ನು ಕೋರ್ಟಿಗೆ ಕರೆದೊಯ್ಯಬೇಕಿತ್ತು.

ಅಸಬಿಯಾ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಎದ್ದಳು. ಸಿಪ್ಪೆ ಬೀದಿಯಿಂದ ಬಂದದ್ದಲ್ಲ. ಹಾಗಾದರೆ ಮಾಮೆಯ ಹಿಟ್ಟು ಮಾಡುವ ಅಂಗಳಕ್ಕೆ ಯಾರೋ ಹೊರಗಿನ ಮೂಟೆಯೊಂದನ್ನು ತಂದಿದ್ದಾರೆ. ಆ ವಾರದಲ್ಲಿ ಮೊದಲ ಸಲ ಅವಳಿಗೆ ಉಸಿರು ಸರಾಗವಾಯಿತು.

*

ಠಾಣೆಗೆ ಹೋಗುವ ದಾರಿಯಲ್ಲಿ ಅವಳು ಮೆಕ್ಕೆಜೋಳದ ಹುಳಿಮುದ್ದೆ ಕೆಂಕೆಯನ್ನೂ ಕರಿದ ಮೀನನ್ನೂ ಕಟ್ಟಿಸಿಕೊಂಡಳು. ಜೋಳದ ಎಲೆಯ ಪೊಟ್ಟಣ ಇನ್ನೂ ಬಿಸಿಯಾಗಿತ್ತು.

ಇನ್ಸ್‌ಪೆಕ್ಟರ್ ಬಾಫೋ ಪೊಟ್ಟಣ ನೋಡಿದರು, ಅವಳ ಮುಖ ನೋಡಿದರು. ಈ ಕೇಸನ್ನು ಅವಳಿಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಆದರೆ ಠಾಣೆಯಲ್ಲಿ ಪತ್ತೆ ಕೆಲಸ ಬಲ್ಲವಳು ಅವಳೊಬ್ಬಳೇ. ಅಲ್ಲದೆ ಮಾಮೆಯ ಕೈಯಿಂದ ಏನೂ ತಿನ್ನದ ಪೊಲೀಸ್ ಈ ಊರಿನಲ್ಲಿ ಸಿಗುವುದೂ ಕಷ್ಟವಿತ್ತು.

"ಸಾಕಿದೋಳನ್ನ ಬಿಡಿಸೋಕೆ ಸಾಕಿಸ್ಕೊಂಡೋಳು ಓಡಾಡ್ತಿದಾಳೆ ಅಂತ ಊರೆಲ್ಲ ನಗ್ತಿದೆ," ಅಂದರು. "ಸೋಮವಾರ ಬೆಳಿಗ್ಗೆವರೆಗೂ ಆಕೆ ನಿನ್ನ ಪಾಲು. ಆಮೇಲೆ ಕೋರ್ಟಿನ ಪಾಲು."

ಮಾಮೆ ಕೊರಾಂತೆಮಾ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು, ಸಂತೆಯಲ್ಲಿ ಕೂರುವ ಹಾಗೆಯೇ. ಮೊದಲು ಕೇಳಿದ್ದು ಕೇಸಿನ ಬಗ್ಗೆ ಅಲ್ಲ. ಬಿಸ್ಕತ್ತು ತಿಂದ ಮಕ್ಕಳಲ್ಲಿ ಕೊಫೊರಿದುವಾದ ಆಸ್ಪತ್ರೆಯಲ್ಲಿ ಇನ್ನೂ ಮಲಗಿರುವ ಹುಡುಗಿ ಹೇಗಿದ್ದಾಳೆ ಎಂದು.

ಬೆಳಿಗ್ಗೆ ತಾನಾಗಿ ಗಂಜಿ ಕೇಳಿದಳಂತೆ, ಬಟ್ಟಲು ಖಾಲಿ ಮಾಡಿ ಇನ್ನಷ್ಟು ಕೇಳಿದಳಂತೆ ಎಂದು ಅಸಬಿಯಾ ಹೇಳಿದಳು. ಮಾಮೆ ಎರಡೂ ಕೈ ಮೇಲೆತ್ತಿದರು. ಬ್ಲೇಡಿನ ಹಳೆಯ ಗೀರುಗಳಿದ್ದ ಆ ಬೆರಳುಗಳು ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೆಯೇ ನಿಂತವು. ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ಅವರು ಇಡೀ ಜಗತ್ತಿಗೆ ಒಟ್ಟಾಗಿ ಉಪಕಾರ ಹೇಳುತ್ತಿದ್ದಂತೆ ಅಸಬಿಯಾಗೆ ಕಂಡಿತು.

ಆಮೇಲೆ ಅವಳು ಕರವಸ್ತ್ರ ಬಿಚ್ಚಿದಳು.

ಮಾಮೆ ತುಂಡನ್ನು ಎತ್ತಿಕೊಂಡರು. ಹೆಬ್ಬೆರಳು ಬಿಳಿಯ ಮೇಲೆ ಒಮ್ಮೆ ಹರಿದಾಡಿ ನಿಂತಿತು. ಅಷ್ಟೇ. ತುಂಡನ್ನು ವಾಪಸು ಬಟ್ಟೆಯ ಮೇಲಿಟ್ಟರು.

"ಅಂಗಳ ನಂದು," ಅಂದರು. "ಅಲ್ಲಿಗೆ ಬಂದ ಮೂಟೆ ಎಲ್ಲಾ ನಂದೇ."

"ಯಾರು ತಂದ್ರು ಅಂತ ಕೇಳ್ತಿದೀನಿ ಮಾಮೆ."

"ಕೆಂಕೆ ಆರಿಹೋಗುತ್ತೆ."

"ಸೋಮವಾರ ನಿಮ್ಮನ್ನ ಕೋರ್ಟಲ್ಲಿ ನಿಲ್ಲಿಸ್ತಾರೆ. ಅಂಗಳ ಮುಚ್ಚಿಹೋಗುತ್ತೆ."

ಮಾಮೆ ಎಲೆ ಬಿಡಿಸಿ, ಕೆಂಕೆಯನ್ನು ಎರಡು ಮಾಡಿ, ದೊಡ್ಡ ಪಾಲನ್ನು ಅವಳ ಕಡೆ ತಳ್ಳಿದರು.

ಅಸಬಿಯಾ ತಿಂದಳು. ಇವರಿಗೆ ಗೊತ್ತಿದೆ, ಅಂದುಕೊಂಡಳು. ಗೊತ್ತಿದ್ದೂ ಯಾರನ್ನೋ ಮುಚ್ಚಿಟ್ಟುಕೊಂಡಿದ್ದಾರೆ.

*

ಮುಚ್ಚಿಹೋಗುವ ಆ ಅಂಗಳ ಅವಳಿಗೆ ಬರೀ ಕೇಸಿನ ಜಾಗವಾಗಿರಲಿಲ್ಲ. ಮೊದಲೆಲ್ಲ ಸಂತೆಯ ಚರಂಡಿ ಸಿಪ್ಪೆಯಿಂದಲೇ ಕಟ್ಟಿಕೊಳ್ಳುತ್ತಿತ್ತು. ಮಳೆ ಬಂದರೆ ಕೊಳೆತ ನೀರು ಮನೆಬಾಗಿಲಿಗೆ ಬರುತ್ತಿತ್ತು. ಮಾಮೆ ಒಂದು ದಿನ ಆ ರಿಬ್ಬನ್ನುಗಳನ್ನು ಬುಟ್ಟಿಗೆ ತುಂಬಿಸಿಕೊಂಡು ಮನೆಗೆ ಹೊತ್ತರು. ತೊಳೆದು, ನೀರು ಬದಲಿಸಿ ಬದಲಿಸಿ ಕುದಿಸಿ ಕಹಿ ತೆಗೆದು, ಚಾಪೆಯ ಮೇಲೆ ಒಣಗಿಸಿ, ಗಿರಣಿಗೆ ಹಾಕಿ, ಜರಡಿ ಹಿಡಿದರು. ಆ ಹಳದಿ ಹಿಟ್ಟು ಈಗ ಊರಿನ ಬ್ರೆಡ್ಡಿನಲ್ಲಿತ್ತು, ಶಾಲೆಯ ಬಿಸ್ಕತ್ತಿನಲ್ಲಿತ್ತು, ಎಷ್ಟೋ ಮಕ್ಕಳ ಬೆಳಗಿನ ಗಂಜಿಯಲ್ಲಿತ್ತು. ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸಿದ ರಿಬ್ಬನ್ನುಗಳನ್ನು ಮದುವೆ ಮನೆಗಳಿಗೆ ಒಯ್ಯುತ್ತಿದ್ದರು. ಬ್ಲೇಡ್ ಹಿಡಿದು ಬೆರಳು ಸೋತ ಹೆಂಗಸರು ಆ ಅಂಗಳದಲ್ಲಿ ಕೂತು ಕೆಲಸ ಮಾಡುತ್ತಿದ್ದರು, ಹಾಡುತ್ತಿದ್ದರು, ಜಗಳವಾಡುತ್ತಿದ್ದರು.

ಕಿತ್ತಳೆಯನ್ನು ಬಿಳಿಯ ಸಮೇತ ಸುಲಿಯುವ ಅಡುಗೆಮನೆ ಊರಿನಲ್ಲಿ ಒಂದೇ ಇತ್ತು. ಗುಡ್ಡದ ಮೇಲಿನ ಅತಿಥಿಗೃಹ.

ಅಲ್ಲಿಯ ಅಡುಗೆಯವನು ಬೋಟ್ವೆ ಚಾಕು ಹಿಡಿದು ಹಣ್ಣುಗಳನ್ನು ಹೋಳು ಮಾಡುತ್ತಿದ್ದ. ದಪ್ಪ ಸಿಪ್ಪೆ ಬುಟ್ಟಿಗೆ ಬೀಳುತ್ತಿತ್ತು. ಅಸಬಿಯಾ ಬಾಗಿಲಲ್ಲೇ ನಿಂತು ನೋಡಿದಳು.

"ಹಣ್ಣನ್ನ ಕೊಲ್ತಿದೀರ ಬೋಟ್ವೆಯಣ್ಣ."

"ನಮ್ಮ ಗಿರಾಕಿಗಳು ಹೀರಲ್ಲ ಸಾರ್ಜೆಂಟ್, ಫೋರ್ಕಲ್ಲಿ ಚುಚ್ಚಿ ತಿಂತಾರೆ. ನಾನೇನು ಮಾಡ್ಲಿ?"

ಹಿಂಬದಿಯ ತಗಡಿನ ಮಾಡಿನ ಮೇಲೆ ಸಿಪ್ಪೆ ಒಣಗುತ್ತಿತ್ತು. ಅದು ಸೊಳ್ಳೆ ಹೊಗೆಗೆ ಎಂದ ಬೋಟ್ವೆ. ಊರಿನಲ್ಲಿ ಎಲ್ಲರೂ ಸಂಜೆ ಒಣಸಿಪ್ಪೆ ಸುಡುತ್ತಾರೆ, ಅದರಲ್ಲಿ ಅಚ್ಚರಿಯಿರಲಿಲ್ಲ. ಯಾರಿಗಾದರೂ ಒಂದು ಮೂಟೆ ಕೊಟ್ಟದ್ದುಂಟೇ ಎಂದು ಅವಳು ಕೇಳಿದಳು. ಇಲ್ಲವೇ ಇಲ್ಲ ಎಂದ. ಅಡುಗೆಮನೆಯಿಂದ ಒಂದು ಎಲೆಯೂ ಆಚೆ ಹೋಗಬಾರದೆಂದು ಯಜಮಾನರ ಕಟ್ಟಪ್ಪಣೆ, ತಾನು ಕೆಲಸ ಕಳೆದುಕೊಳ್ಳುವ ಮೂರ್ಖನಲ್ಲ ಎಂದ. ಸುಳ್ಳು ಹೇಳುವಾಗ ಚಾಕು ಜೋರಾಗಿ ಓಡುತ್ತಿತ್ತು.

ಅವಳು ಬೇರೆ ಬೇರೆ ದಾರಿಯಿಂದ ಕೇಳಿದಳು. ಬೋಟ್ವೆ ಎಲ್ಲಾ ದಾರಿಯನ್ನೂ ಮುಚ್ಚಿದ. ಕೊನೆಗೆ ಅವಳು ಒಂದು ಲೋಟ ನೀರು ಕೇಳಿ ಕುಡಿದು, ಹೊರಡುವವಳಂತೆ ತಿರುಗಿದಳು.

"ನೀವು ಕೊಡದೆ ಇದ್ದದ್ದೇ ಒಳ್ಳೇದಾಯ್ತು ಬಿಡಿ. ಕೊಟ್ರೂ ಈಗಿನ ಜನ ಮಾರನೇ ದಿನ ಬಂದು ಉಪಕಾರ ಹೇಳ್ತಾರಾ? ಮೂಟೆ ಹೊತ್ಕೊಂಡು ಹೋಗ್ತಾರೆ, ಮರೆತೇಬಿಡ್ತಾರೆ."

"ಎಲ್ಲರೂ ಹಾಗಲ್ಲ," ಅಂದ ಬೋಟ್ವೆ.

"ಎಲ್ಲರೂ ಹಾಗೇನೆ."

"ಒಬೆನೆವಾ ಬಂದಿರ್ಲಿಲ್ವಾ? ಬೆಳಕು ಹರಿಯೋ ಮುಂಚೆ, ಮಗೂನ ಬೆನ್ನಿಗೆ ಕಟ್ಕೊಂಡು, ಗುಡ್ಡ ಹತ್ಕೊಂಡು ಬಂದ್ಲು. ಆ ಹುಡುಗೀನ ಮಾತ್ರ ಹಾಗೆ ಅನ್ಬೇಡಿ."

ಚಾಕು ನಿಂತಿತು.

ಈ ಊರಿನಲ್ಲಿ ಕೈಗೆ ತೆಗೆದುಕೊಂಡಾಗ ಹೇಳುವ ಉಪಕಾರ ಅರ್ಧವಷ್ಟೇ. ಉಳಿದ ಅರ್ಧಕ್ಕೆ ಮರುದಿನ ಬೆಳಿಗ್ಗೆ ಕೊಟ್ಟವರ ಬಾಗಿಲಿಗೆ ಹೋಗಿ, ನಿನ್ನೆಯದಕ್ಕೆ ಉಪಕಾರ ಎಂದು ಹೇಳಬೇಕು. ಹಿತ್ತಿಲ ಬಾಗಿಲಲ್ಲಿ ಗುಟ್ಟಾಗಿ ಮೂಟೆ ಪಡೆದವಳೂ ಅದನ್ನು ಬಿಡಲಾರಳು. ಗುಟ್ಟು ಕಾಪಾಡುತ್ತಿದ್ದವನು ಹಾಗೆ ಬಂದವಳಿಗೆ ಕೃತಘ್ನೆಯೆಂಬ ಹೆಸರು ಬರುವುದನ್ನು ಸಹಿಸಲಾರ.

ಬೋಟ್ವೆಯ ಮುಖ ಇಳಿದುಹೋಗಿತ್ತು. ಅಸಬಿಯಾಗೆ ಗೆದ್ದ ಖುಷಿಯಾಗಲಿಲ್ಲ, ಸ್ವಲ್ಪ ನಾಚಿಕೆಯೇ ಆಯಿತು. ಯಜಮಾನರ ಕಿವಿಗೆ ಇದು ಬೀಳುವುದಿಲ್ಲ ಎಂದು ಮಾತು ಕೊಟ್ಟಳು.

"ದೊಡ್ಡ ಉಪಕಾರ ಆಯ್ತು ಅಣ್ಣ. ನಾಳೆ ಬೆಳಿಗ್ಗೆ ಮತ್ತೆ ಬಂದು ಹೇಳ್ತೀನಿ."

"ದಯವಿಟ್ಟು ಬರ್ಬೇಡಿ," ಅಂದ ಬೋಟ್ವೆ. "ಪೊಲೀಸ್ನೋರು ದಿನಾ ಬಂದ್ರೆ ನನ್ನ ಗತಿ ಏನು?"

*

ಒಬೆನೆವಾ ಅಂಗಳದಲ್ಲಿ ಸಿಪ್ಪೆ ಒಣಗಿಸುವ ಕೆಲಸದವಳು. ಮಾಮೆಯ ನಂತರ ಅಲ್ಲಿ ಅವಳ ಮಾತೇ ನಡೆಯುತ್ತಿತ್ತು.

ಅಂಗಳದ ಗೇಟಿಗೆ ಠಾಣೆಯ ಸರಪಳಿ ಬಿದ್ದು ವಾರವಾಗುತ್ತಾ ಬಂದಿತ್ತು. ಆದರೂ ಗೇಟಿನ ಮುಂದೆ ಸಿಪ್ಪೆಯ ರಿಬ್ಬನ್ನುಗಳು ರಾಶಿ ಬಿದ್ದಿದ್ದವು. ಕೊಳ್ಳುವವರಿಲ್ಲ, ಕೇಳುವವರಿಲ್ಲ. ಸಂತೆಯ ಹೆಂಗಸರು ದಿನವೂ ತಂದು ಸುರಿದು ಹೋಗುತ್ತಿದ್ದರು. ಕೆಲವರು ಕೆಳಗೆ ಒಗೆದ ಬಟ್ಟೆಯನ್ನೂ ಹಾಸಿದ್ದರು. ಮಾಮೆ ಹೊರಗೆ ಬರುವ ದಿನ ಕೆಲಸ ನಿಲ್ಲಬಾರದು ಎಂದು ಅವರ ಲೆಕ್ಕವಿರಬೇಕು. ಅದನ್ನು ನೋಡಿದ ಅಸಬಿಯಾ ಸ್ವಲ್ಪ ದೂರದಲ್ಲೇ ನಿಂತು ಕಣ್ಣೊರೆಸಿಕೊಂಡಳು.

ಒಬೆನೆವಾ ಗೋಡೆಯ ನೆರಳಲ್ಲಿ ಕೂತು ರಿಬ್ಬನ್ನುಗಳನ್ನು ಚಾಪೆಯ ಮೇಲೆ ಬಿಡಿಸಿ ಹಾಕುತ್ತಿದ್ದಳು. ಮಗು ಬೆನ್ನಿನ ಮೇಲೆ ನಿದ್ದೆ ಹೋಗಿತ್ತು.

"ಗುಡ್ಡದ ಮೇಲಿಂದ ಬರ್ತಿದೀನಿ," ಅಂದಳು ಅಸಬಿಯಾ.

ಒಬೆನೆವಾಳ ಕೈ ನಿಂತಿತು. "ಬೋಟ್ವೆ ಹೇಳಿದ್ನಾ?"

"ಹೇಳ್ಲಿಲ್ಲ. ನಿನ್ನನ್ನ ವಹಿಸ್ಕೊಂಡ."

ಒಬೆನೆವಾ ಅಳಲಿಲ್ಲ. ತುಂಬ ದಿನದಿಂದ ತಲೆಯ ಮೇಲಿದ್ದ ಹೊರೆಯನ್ನು ಇಳಿಸುವವಳ ಹಾಗೆ, ಅವಸರವಿಲ್ಲದೆ ಹೇಳಿದಳು. ಮಾಮೆಗೆ ಬಹಳ ದಿನದಿಂದ ಬಿಳಿಯ ಮೇಲೆ ಆಸೆಯಿತ್ತು. ಬಿಳಿಯನ್ನು ಕುದಿಸಿ ಸೋಸಿದರೆ ಬರುವ ಲೋಳೆಯಿಂದ ಜಾಮ್ ತಾನಾಗಿ ಗಟ್ಟಿಯಾಗುತ್ತದೆ ಎಂದು ಅವರು ಯಾರಿಂದಲೋ ಕೇಳಿದ್ದರು. ಬೀದಿಯ ಸಿಪ್ಪೆಯಲ್ಲಿ ಬಿಳಿ ಬರುವುದಿಲ್ಲವಲ್ಲ. ಹಾಗಾಗಿ ಒಬೆನೆವಾ ಹೇಳದೆ ಕೇಳದೆ ಗುಡ್ಡಕ್ಕೆ ಹೋಗಿ, ಬೋಟ್ವೆ ಒಣಗಿಸಿಟ್ಟಿದ್ದ ಮೂಟೆಯನ್ನು ಬೇಡಿ ತಂದಳು. ಮಾಮೆ ಖುಷಿಪಡಲಿ ಎಂದು.

ಆದರೆ ಆ ವಾರ ಮಳೆ ಹಿಡಿಯಿತು. ರಿಬ್ಬನ್ನು ಒಣಗಲಿಲ್ಲ. ಶಾಲೆಯ ಬಿಸ್ಕತ್ತಿಗೆ ಹಿಟ್ಟು ಸಾಲಲಿಲ್ಲ. ಒಣಗಿದ್ದ ಮೂಟೆ ಅದೊಂದೇ. ಅದನ್ನು ತೊಳೆಯದೆ, ಕುದಿಸದೆ, ನೇರವಾಗಿ ಗಿರಣಿಗೆ ಹಾಕಿಸಿದಳು.

"ಕಹಿ ಆಗುತ್ತೆ ಅಂತ ಗೊತ್ತಿತ್ತು ಅಕ್ಕ. ಮಕ್ಕಳು ಮುಖ ಕಿವುಚ್ತಾರೆ, ಅಷ್ಟೇ ಅಂದ್ಕೊಂಡೆ. ಕುದಿಸಿದ್ರೆ ಏನೂ ಆಗ್ತಿರ್ಲಿಲ್ಲವೇನೋ. ಆ ತಪ್ಪು ನಂದು, ಬರ್ಕೊಳ್ಳಿ."

"ಔಷಧ ಎಲ್ಲಿಂದ ಬಂತು? ಬೋಟ್ವೆ ಕೊಟ್ಟಾಗಲೇ ಇತ್ತಾ?"

"ಇರ್ಲಿಲ್ಲ."

"ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀಯ?"

ಒಬೆನೆವಾ ಬೆನ್ನಿನ ಮೇಲಿನ ಮಗುವನ್ನು ಮೆಲ್ಲಗೆ ತಟ್ಟಿದಳು. "ದಾರೀಲಿ ನನ್ನ ಮನೆ ಹತ್ರ ನಿಂತು ಒಂದಷ್ಟು ಸಿಪ್ಪೆ ತೆಗ್ದಿಟ್ಟಿದ್ದೆ. ಆ ರಾತ್ರಿ ಹೊಗೆ ಹಾಕ್ದೆ. ಇವನು ಅದರಲ್ಲೇ ಮಲಗಿದ್ದ, ಒಂದು ಸಲ ಕೆಮ್ಮಲೂ ಇಲ್ಲ. ಔಷಧ ಬಿದ್ದ ಸಿಪ್ಪೆ ಸುಟ್ರೆ ಆ ವಾಸನೆ ನನಗೆ ಗೊತ್ತಾಗಲ್ವಾ? ನನ್ನಪ್ಪ ಕೋಕೋ ತೋಟದಲ್ಲಿ ಅದನ್ನ ಹೊಡೀತಾನೇ ಸತ್ತಿದ್ದು."

ಹಾಗಾದರೆ ಮೂಟೆ ಗುಡ್ಡದಿಂದ ಇಳಿಯುವಾಗ ಶುದ್ಧವಾಗಿತ್ತು. ಗಿರಣಿಗೆ ಹೋಗುವಾಗ ಆಗಿರಲಿಲ್ಲ. ನಡುವೆ ಒಂದು ರಾತ್ರಿ.

"ಆ ರಾತ್ರಿ ಮೂಟೆ ಎಲ್ಲಿತ್ತು?"

ಒಬೆನೆವಾ ಮತ್ತೆ ರಿಬ್ಬನ್ನು ಬಿಡಿಸತೊಡಗಿದಳು.

"ಒಬೆನೆವಾ."

"ನನ್ನ ಸೂರು ಸೋರುತ್ತೆ. ಅಂಗಳಕ್ಕೆ ಬೀಗ ಬಿದ್ದಿತ್ತು, ಮಾಮೆ ಸಾವಿನ ಮನೆಗೆ ಹೋಗಿದ್ರು. ಮಳೆ ಬರೋ ಹಾಗಿತ್ತು."

"ಎಲ್ಲಿಟ್ಟೆ?"

"ನಿಮ್ಮ ಮನೇಲಿ ಅಕ್ಕ."

ಹಿಂದೆ ರಸ್ತೆಯಲ್ಲಿ ಒಂದು ಟ್ರೋಟ್ರೋ ವ್ಯಾನು ಹಾರ್ನ್ ಹೊಡೆಯುತ್ತಾ ಹೋಯಿತು. ಕಂಡಕ್ಟರ್ ಊರಿನ ಹೆಸರು ಕೂಗುವುದು ದೂರವಾಯಿತು.

"ಆ ರಾತ್ರಿ ನಾನು ಹೆದ್ದಾರಿ ಚೆಕ್‌ಪೋಸ್ಟಲ್ಲಿ ಡ್ಯೂಟಿ ಮೇಲಿದ್ದೆ. ಮನೆಗೆ ಬೀಗ ಹಾಕಿತ್ತು."

"ಬೀಗ ಇರ್ಲಿಲ್ಲ. ಜಗಲಿ ಮೇಲೆ ಇಟ್ಟು ಹೋಗೋಣ ಅಂತ ಬಂದೆ. ಬಾಗಿಲು ತೆಗೀತು. ನಿಮ್ಮನೆಯೋರು ಹೊರಗೆ ಬಂದ್ರು."

ಅಸಬಿಯಾಳ ಗಂಡ ಆಸಿಯೆದು ಲಾರಿ ಓಡಿಸುತ್ತಾನೆ. ಆ ವಾರವೆಲ್ಲ ಅವನು ದೂರದ ತಮಾಲೆಯಲ್ಲಿ ಗೆಣಸಿನ ಲೋಡಿಗೆ ಕಾಯುತ್ತಿದ್ದ. ಅದೇ ಸಂಜೆ ಫೋನ್ ಮಾಡಿ, ಅಲ್ಲಿಯ ಸೆಕೆಯನ್ನು ಬೈದು, ಹುಷಾರಾಗಿರು ಎಂದು ಹೇಳಿದ್ದ. ಅವಳು ಚೆಕ್‌ಪೋಸ್ಟಿನಲ್ಲಿ ನಿಂತು ನಗುತ್ತಾ ಕೇಳಿಸಿಕೊಂಡಿದ್ದಳು.

"ಕತ್ತಲಲ್ಲಿ ಬೇರೆ ಯಾರನ್ನೋ ನೋಡಿರ್ತೀಯ."

"ನನ್ನ ಕೈಯಿಂದ ಮೂಟೆ ಇಸ್ಕೊಂಡು ಒಳಗೆ ಇಟ್ರು ಅಕ್ಕ. ಲಾರಿ ಇರ್ಲಿಲ್ಲ. ಬೆಳಿಗ್ಗೆ ನಾನು ಹೋದಾಗ ಮೂಟೆ ಜಗಲಿ ಮೇಲಿತ್ತು, ಬಾಗಿಲಿಗೆ ಬೀಗ ಬಿದ್ದಿತ್ತು." ಒಬೆನೆವಾ ತಲೆಯೆತ್ತಲಿಲ್ಲ. "ತಾನು ಊರಿಗೆ ಬಂದಿರೋದನ್ನ ಅಸಬಿಯಾಗೆ ಹೇಳ್ಬೇಡ ಅಂದ್ರು. ಗಂಡ ಹೆಂಡ್ತಿ ವಿಷಯ, ಏನೋ ಇರುತ್ತೆ ಅಂತ ಸುಮ್ಮನಾದೆ."

"ಮಾಮೆಗೆ ಗೊತ್ತಾ ಇದು?"

"ಪೊಲೀಸ್ನೋರು ಬಂದ ದಿನಾನೇ ಹೇಳ್ದೆ. ಅಂಗೈಯಿಂದ ನನ್ನ ಬಾಯಿ ಮುಚ್ಚಿದ್ರು. ಆ ಹುಡುಗಿಗೆ ತನ್ನದು ಅಂತ ಒಂದು ಮನೆ ಆಗೋಕೆ ಇಷ್ಟು ವರ್ಷ ಬೇಕಾಯ್ತು, ನನ್ನ ಬಾಯಿಂದ ಅದು ಒಡೀಬಾರ್ದು ಅಂದ್ರು. ನನಗೇ ಶಿಕ್ಷೆ ಆಗ್ಲಿ ಬಿಡು ಅಂದ್ರು."

ಅಸಬಿಯಾ ಚಾಪೆಯ ಅಂಚಿನಲ್ಲಿ ಕೂತಳು. ಒಣಗುತ್ತಿದ್ದ ಸಿಪ್ಪೆಯ ಘಮ ಮೂಗಿಗೆ ಅಡರುತ್ತಿತ್ತು. ತಾನು ಮಾಮೆಯನ್ನು ಬಿಡಿಸಲು ವಾರವಿಡೀ ಓಡಾಡಿದ್ದಳು. ಮಾಮೆ ಅಷ್ಟೂ ದಿನ ಬೆಂಚಿನ ಮೇಲೆ ಕೂತು ತನ್ನನ್ನು ಕಾಪಾಡುತ್ತಿದ್ದರು. ಅಂಥ ಉಪಕಾರವನ್ನು ಯಾವ ಬಾಗಿಲಿಗೆ ಹೋಗಿ ಹೇಳಿ ಮುಗಿಸುವುದು?

ಔಷಧದ ಮಾತು ಬೇರೆ. ಈ ಸೀಮೆಯಲ್ಲಿ ಆ ಡಬ್ಬ ಇಲ್ಲದ ಮನೆಯಿಲ್ಲ. ಆದರೆ ಅವಳ ಮನೆಯಲ್ಲಿ ಇರಲಿಲ್ಲ. ಅವಳಿಗೆ ಗೊತ್ತಿದ್ದಷ್ಟು ಮಟ್ಟಿಗೆ ಇರಲಿಲ್ಲ.

"ಉಪಕಾರ ಆಯ್ತು ಒಬೆನೆವಾ," ಅಂದಳು ಕೊನೆಗೆ.

"ಯಾಕೆ ಹಾಗಂತೀರ? ನಿಮ್ಮ ಮನೇಗೇ ಬೆಂಕಿ ಇಟ್ಟೆ ನಾನು."

"ಸುಳ್ಳು ಹೇಳಬಹುದಿತ್ತು. ಹೇಳ್ಲಿಲ್ಲ."

*

ಅವಳು ಠಾಣೆ ಸೇರುವಾಗ ಬಿಸಿಲು ಇಳಿದಿತ್ತು. ದಾರಿಯಲ್ಲಿ ಆಸಿಯೆದುವಿನ ನಂಬರಿಗೆ ಫೋನ್ ಮಾಡಲಿಲ್ಲ. ಮಾಡಿದರೆ ಅವನ ಹೆಂಡತಿಯಾಗಿ ಮಾಡಬೇಕಾಗುತ್ತದೆ, ಇಲ್ಲವೇ ಪೊಲೀಸಾಗಿ. ಯಾವುದು ಎಂದು ನಿರ್ಧಾರವಾಗಿರಲಿಲ್ಲ.

ಇನ್ನೊಂದು ಮಾತ್ರ ನಿರ್ಧಾರವಾಗಿತ್ತು. ಇನ್ಸ್‌ಪೆಕ್ಟರ್ ಬಾಫೋ ಎದುರು ನಿಂತು, ಗುರುತಿನ ಕಾರ್ಡನ್ನು ಮೇಜಿನ ಮೇಲಿಟ್ಟಳು.

"ಸರ್, ಈ ಕೇಸಿಂದ ನನ್ನ ತೆಗೀರಿ. ನಾನು ಸಾಕ್ಷಿ ಹೇಳ್ಬೇಕು. ವಿಷ ಬಿದ್ದ ಮೂಟೆ ಒಂದು ರಾತ್ರಿ ನನ್ನ ಮನೇಲಿತ್ತು. ಆವಾಗ ಅಲ್ಲಿದ್ದದ್ದು ನನ್ನ ಗಂಡ. ಮಾಮೆ ಕೊರಾಂತೆಮಾ ಅದನ್ನ ಮುಟ್ಟೂ ಇಲ್ಲ. ಅವರನ್ನ ಇವತ್ತೇ ಬಿಡಬೇಕು."

ಇದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ನಡುಗದೆ ಹೇಳಿದಳು. ಹೇಳಿದ ಮೇಲೆ ಮೈ ಹಗುರವಾಯಿತು. ಕೊನೆಗೂ ಮಾಮೆಗೆ ಕೊಡಲು ತನ್ನ ಹತ್ತಿರ ಏನೋ ಇತ್ತು.

ಇನ್ಸ್‌ಪೆಕ್ಟರ್ ಬಾಫೋ ಆಶ್ಚರ್ಯಪಡಲಿಲ್ಲ. ಕಾರ್ಡನ್ನು ಮುಟ್ಟಲೂ ಇಲ್ಲ. ಕುರ್ಚಿಯೊಂದನ್ನು ಅವಳ ಕಡೆ ತಳ್ಳಿದರು. ಆ ಮನುಷ್ಯ ಯಾರಿಗೂ ಕುರ್ಚಿ ಕೊಟ್ಟದ್ದನ್ನು ಅವಳು ನೋಡಿರಲಿಲ್ಲ.

"ಕೂತ್ಕೊ."

"ನಿಂತೇ ಇರ್ತೀನಿ ಸರ್."

"ನಿನ್ನ ಗಂಡ ಮಧ್ಯಾಹ್ನದಿಂದ ಇಲ್ಲೇ ಇದಾನೆ. ತಾನಾಗೇ ಬಂದ. ಮುದುಕಿ ಹತ್ರ ಬಿಟ್ಟು ಬೇರೆ ಯಾರ ಹತ್ರಾನೂ ಮಾತಾಡಲ್ಲ ಅಂದ. ಒಳಗೆ ಬಿಟ್ಟೆ." ಅವರು ತಲೆಯಿಂದಲೇ ಲಾಕಪ್ಪಿನ ಕಡೆ ಸನ್ನೆ ಮಾಡಿದರು. "ಮೊದಲು ಅವನು ಅಳೋದು ಕೇಳ್ತಿತ್ತು. ಆಮೇಲೆ ಆಕೆ ಏನೋ ಕೇಳಿದ್ಲು, ಅವನು ಏನೋ ಹೇಳ್ದ. ಹಿಡಿದು ತಂದ ದಿನದಿಂದ ಇವತ್ತಿನವರೆಗೂ ನಾನು ಆ ಹೆಂಗಸು ಕಿರಿಚಿದ್ದು ಕೇಳಿರ್ಲಿಲ್ಲ."

ಅಸಬಿಯಾ ಆಗಲೇ ಓಣಿಯಲ್ಲಿದ್ದಳು. ಲಾಕಪ್ಪಿಗೆ ಹೋಗುವ ಮರದ ಬಾಗಿಲು ಮುಚ್ಚಿತ್ತು. ಅವಳ ಹೆಜ್ಜೆಯ ಸದ್ದು ಒಳಗೆ ಕೇಳಿರಬೇಕು. ಅಲ್ಲಿ ಮಾತು ತಟಕ್ಕನೆ ನಿಂತಿತು.

ಆಮೇಲೆ ಮಾಮೆ ಕೊರಾಂತೆಮಾರ ದನಿ ಬಂತು, ಗೊಗ್ಗರಾಗಿ.

"ಇನ್ಸ್‌ಪೆಕ್ಟರ್, ಅವಳನ್ನ ಒಳಗೆ ಬಿಡ್ಬೇಡಿ. ಮೂಟೇಲಿ ಔಷಧ ಹಾಕಿದ್ದು ನಾನೇ ಅಂತ ಬರ್ಕೊಳ್ಳಿ, ಈಗಲೇ ಸಹಿ ಹಾಕ್ತೀನಿ. ಆ ರಾತ್ರಿ ಇವನ ಜೊತೆ ಯಾರಿದ್ರು ಅಂತ ಮಾತ್ರ ಅವಳಿಗೆ ಗೊತ್ತಾಗ್ಬಾರ್ದು."

ಚಿಲಕದ ಮೇಲೆ ಅಸಬಿಯಾಳ ಕೈ ಇತ್ತು.